ನನ್ನ ತೊಲೆಯ ಮೇಲೆ ಮನೆ ಕಟ್ಟಿದ ಆಲೊನ್ಸಿಟೊ ದಂಪತಿಗಳಿಗೆ

ಸಾನ್ ಬೆರ್ನಾರ್ದಿನೊ,
ಇಪಕರಾಯಿ ಸರೋವರದ ದಂಡೆ,
ಜನವರಿಯ ಮೂರನೆಯ ಭಾನುವಾರ

ಮಾನ್ಯ ಆಲೊನ್ಸಿಟೊ ದಂಪತಿಗಳೇ,

ಮಣ್ಣಿನ ಕಾಮಗಾರಿಯಲ್ಲಿ ಪರಗ್ವಾಯ್ ದೇಶಕ್ಕೇ ಹೆಸರಾದ, ಒಲೆಯಾಕಾರದ ಗೂಡುಗಳ ನಿರ್ಮಾತೃಗಳೂ ಕಂದು ಬಣ್ಣದ ಒಂದೇ ಉಡುಪಿನಲ್ಲಿ ಸಕಲ ಸಮಾರಂಭಗಳನ್ನೂ ನಿಭಾಯಿಸುವ ಸರಳಜೀವಿಗಳೂ ಆದ ತಮ್ಮಿಬ್ಬರ ಸನ್ನಿಧಿಗೆ, ತಮ್ಮ ಗೂಡಿನಿಂದ ಸರಿಯಾಗಿ ಎರಡು ಮೀಟರ್ ಕೆಳಗೆ, ಅಂದರೆ ತಾವು ದಿನವೂ ಹಿಕ್ಕೆ ಹಾಕುವ ಜಾಗದಲ್ಲಿ, ವಾಸವಾಗಿರುವ ಫುಲ್ಹೆನ್ಸಿಯೊ ಒವೆಲಾರ್ ಮಾಡುವ ನಮಸ್ಕಾರಗಳು. ತಾವೂ ತಮ್ಮ ಮರಿಗಳೂ ಕ್ಷೇಮವೆಂದು ಬೆಳಗಿನ ಜಾವದ ಕಿರುಚಾಟದಿಂದ ತಿಳಿದಿದ್ದೇನೆ. ನಮ್ಮ ಕಡೆಯ ಕ್ಷೇಮಸಮಾಚಾರವನ್ನು ತಿಳಿಸುವುದಕ್ಕೇ ಈ ಪತ್ರ.

ನನ್ನ ಪರಿಚಯ ತಮಗಿರಲಾರದು. ನಾನು ಇಪ್ಪತ್ತೇಳು ವರ್ಷ ಭೂಮಾಪನ ಕಚೇರಿಯಲ್ಲಿ ಕುಳಿತು ಬೇರೆಯವರ ಮನೆಗಳ ಗಡಿಗೆರೆ ಎಳೆದವನು. ಅಷ್ಟು ಗೆರೆ ಎಳೆದವನಿಗೆ ಒಂದು ಮನೆಯ ನಕ್ಷೆ ಬರೆಯಲು ಬಾರದೇ ಎಂಬ ಧೈರ್ಯದಿಂದ, ವಾಸ್ತುಶಿಲ್ಪಿಗಳನ್ನು ಬಾಗಿಲಿನಿಂದಾಚೆಗೇ ಕಳುಹಿಸಿ, ಈ ದಂಡೆಯ ಮೇಲೆ ಆಧುನಿಕ ಶೈಲಿಯ ಕುಟುಂಬದ ಮನೆಯೊಂದನ್ನು ನಾನೇ ರೂಪಿಸಿದೆ. ಲುಕೆ ಊರಿನ ಬಾಡಿಗೆ ಮನೆಯಲ್ಲಿ ಒಟ್ಟಿಗೇ ಇದ್ದ ನಾವು ಐವರೂ, ಅಂದರೆ ನಾನು, ಹೆಂಡತಿ ನಿಮಿಯಾ, ಇಬ್ಬರು ಹೆಣ್ಣುಮಕ್ಕಳು ಮತ್ತು ಲುಕೆಯವರೆಲ್ಲ ಗೌರವದಿಂದ ನ್ಯಾ ದೆಯೊಲಿಂದಾ ಎಂದು ಕರೆಯುವ ನನ್ನ ಅತ್ತೆಯವರು, ಇಲ್ಲಿ ಸುಖವಾಗಿರಬೇಕೆಂಬುದು ಉದ್ದೇಶ. ನಕ್ಷೆಗೆ ಮೂರು ವರ್ಷ ಹಿಡಿಯಿತು. ಆ ಮೂರು ವರ್ಷವೂ ಮನೆಯವರು ಚಹಾ ಕೊಡಲು ಬಂದರೆ ಕಾಗದದ ಮೇಲೆ ಕೈ ಅಡ್ಡ ಇಡುತ್ತಿದ್ದೆ.

ನಕ್ಷೆಯ ತತ್ತ್ವ ಸರಳವಾಗಿತ್ತು: ನೀರಿಗೆ ಮುಖ, ಬೀದಿಗೆ ಬೆನ್ನು. ಸರೋವರದ ಕಡೆಗೆ ನೆಲದಿಂದ ಸೂರಿನವರೆಗೆ ಗಾಜು. ಬೀದಿಯ ಕಡೆಗೆ ಬಾಗಿಲೂ ಕಿಟಕಿಯೂ ಇಲ್ಲದ, ನೋಡಿದವರು ಗೋದಾಮೆಂದೇ ತಿಳಿಯುವಂಥ ಬಿಳಿ ಗೋಡೆ. ಹಿರಿಯರೆಂದು ಊರವರೆಲ್ಲ ‘ಕರಾಯಿ’ ಸೇರಿಸಿ ಕರೆಯುವ ನಮ್ಮ ಗಾರೆ ಮೇಸ್ತ್ರಿ ಕರಾಯಿ ಸಿಪ್ರಿಯಾನೊ ಪಾಯ ತೋಡುವಾಗಲೇ ಟೋಪಿ ತೆಗೆದು ತಲೆ ಕೆರೆದುಕೊಂಡಿದ್ದರು. "ಯಜಮಾನ್ರೇ, ಕೆರೆ ಇರೋದು ಪಡುವಣಕ್ಕೆ. ಮಧ್ಯಾಹ್ನದ ಬಿಸಿಲು ನೆಟ್ಟಗೆ ಒಳಗೇ ಬರುತ್ತೆ. ಸಜ್ಜಾನೂ ಬೇಡ ಅಂತೀರಿ. ಇದೇನು ಮನೆನೋ, ಚಿಪಾ ರೊಟ್ಟಿ ಸುಡೋ ಒಲೆನೋ?" ಎಂದರು. ಇದು ಆಧುನಿಕ ಶೈಲಿ ಎಂದು ನಾನು ವಿವರಿಸಿದೆ. "ಆಗ್ಲಿ ಬಿಡಿ, ಆಧುನಿಕವಾಗೇ ಬೇಯಿರಿ" ಎಂದು ಅವರು ಗುದ್ದಲಿ ಎತ್ತಿಕೊಂಡರು.

ತಾವು ರಂಗಪ್ರವೇಶ ಮಾಡಿದ್ದು ಅಕ್ಟೋಬರಿನಲ್ಲಿ, ಕೊನೆಯ ಗಾಜು ಕೂರಿಸುತ್ತಿದ್ದಾಗ. ಪುರಸಭೆಯ ಪರವಾನಗಿಯಿಲ್ಲದೆ, ನನ್ನ ಅಪ್ಪಣೆಯಿಲ್ಲದೆ, ನನ್ನದೇ ಪಾಯದ ಮಣ್ಣನ್ನು ನನ್ನ ಕಣ್ಣೆದುರೇ ಕೊಕ್ಕಿನಲ್ಲಿ ಕದ್ದು, ನನ್ನದೇ ಕಾಂಕ್ರೀಟು ತೊಲೆಯ ತುದಿಯಲ್ಲಿ ತಾವು ಕಾಮಗಾರಿ ಆರಂಭಿಸಿದಿರಿ. ಭಾನುವಾರ ತಾವು ಕೆಲಸ ಮಾಡುವುದಿಲ್ಲವೆಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಕಣ್ಣಾರೆ ನೋಡಲಿಲ್ಲ, ಏಕೆಂದರೆ ಭಾನುವಾರಗಳಂದು ನಾನು ನಕ್ಷೆ ತಿದ್ದುತ್ತಿದ್ದೆ. ಏನೇ ಇರಲಿ, ಎರಡೇ ವಾರದಲ್ಲಿ ತಮ್ಮ ಮನೆ ಮುಗಿಯಿತು. ಬಿಸಿಲೂ ಬೀಳದ, ತೆಂಕಣ ಬಿರುಗಾಳಿಯೂ ನುಗ್ಗದ ದಿಕ್ಕಿಗೆ, ಸರೋವರಕ್ಕೆ ಬೆನ್ನು ತಿರುಗಿಸಿ, ನೇರವಾಗಿ ಬೀದಿ ಕಾಣುವಂತೆ ತಾವು ಬಾಗಿಲಿಟ್ಟುಕೊಂಡಿರಿ. ಇಂಥ ದುಬಾರಿ ನೋಟವನ್ನು ಕಡೆಗಣಿಸಿದ ತಮ್ಮ ಅಭಿರುಚಿಯ ಬಗ್ಗೆ ಆಗ ನನಗೆ ನಿಜಕ್ಕೂ ಮರುಕವಾಯಿತು.

ಇಲ್ಲಿ ಬೇಸಿಗೆ ಏರುವ ನವೆಂಬರಿನಲ್ಲಿ ನಾವು ಬಂದೆವು. ಮೊದಲ ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಮನೆಯೊಳಗೆ ಮೇಣದಬತ್ತಿ ತಾನಾಗಿಯೇ ಬಾಗಿತು. ಅತ್ತೆಯವರು ತಮ್ಮ ಕುರ್ಚಿ ಹಿಡಿದು, ಕಾರು ನಿಲ್ಲಿಸುವ ಶೆಡ್ಡನ್ನು ಸುತ್ತು ಹಾಕಿ, ಬಿಳಿ ಗೋಡೆಗೂ ರಸ್ತೆಗೂ ನಡುವೆ ಮಾವಿನ ಮರದಡಿ ಹೋಗಿ ಕುಳಿತರು. ಅವರ ಹಿಂದೆ ನಿಮಿಯಾ, ಅವಳ ಹಿಂದೆ ಮಕ್ಕಳು, ಮಕ್ಕಳ ಹಿಂದೆ ಮಂಜುನೀರಿನ ಜಗ್ಗು, ಅದರಲ್ಲಿ ಸೊಪ್ಪು ನೆನೆಸಿ ಹೀರುವ ತೆರೆರೆ ಪಾನೀಯದ ಲೋಟ. ಲೋಟ ಕೈಯಿಂದ ಕೈಗೆ ಸಾಗಿತು, ರಸ್ತೆಯಲ್ಲಿ ಹೋಗುವವರೆಲ್ಲ ಕೈಯೆತ್ತಿ "ಅದಿಯೋಸ್" ಎಂದು ವಂದಿಸಿದರು, ಇವರೂ "ಅದಿಯೋಸ್" ಎಂದರು. ಒಳಗೆ ನಾನೊಬ್ಬನೇ ನೋಟ ಸವಿಯುತ್ತ ಬೆವರುತ್ತಿದ್ದೆ. ಸರೋವರವನ್ನು ಬಿಟ್ಟು ಗೋಡೆಯ ಹಿಂದೆ ಕೂರುವುದು ಸರಿಯೇ ಎಂದು ಹೋಗಿ ಕೇಳಿದಾಗ ಅತ್ತೆಯವರು ಹೇಳಿದ್ದು ಇಷ್ಟು: "ಅಳಿಯಂದ್ರೇ, ಕೆರೆ ಚೆನ್ನಾಗೇ ಇದೆ, ಇಲ್ಲ ಅನ್ನಲ್ಲ. ಆದ್ರೆ ಅದು ಯಾರಿಗೂ ಅದಿಯೋಸ್ ಅನ್ನಲ್ಲ ನೋಡಿ. ಬೆಳಗಿಂದ ಅದರ ಮುಖಾನೇ ನೋಡ್ತಿದೀನಿ, ತಿರುಗಿ ಒಂದ್ಮಾತಾಡ್ಲಿಲ್ಲ." ಅನಂತರ ತೊಲೆಯ ಮೇಲಿನ ತಮ್ಮಿಬ್ಬರ ಗೂಡಿನತ್ತ ಬೆರಳು ತೋರಿಸಿ, "ಮನೆ ಕಟ್ಟೋದು ಅಂದ್ರೆ ಅದು" ಎಂದರು. ಸಂಜೆ ಬಸ್ಸು ಹಿಡಿದು ಲುಕೆಯ ಹಳೆಯ ಬಾಡಿಗೆ ಮನೆಗೇ ಹೊರಟು ಹೋದರು.

ಪ್ರತಿ ಭಾನುವಾರವೂ ಹೀಗೆಯೇ ಆಯಿತು. ಅತ್ತೆಯವರು ಬರುವುದು, ತಮ್ಮಿಬ್ಬರ ಗುಣಗಾನ ಮಾಡುವುದು, ಹೋಗುವುದು. ಆದ್ದರಿಂದ ಮಾನ್ಯರೇ, ನೆರೆಹೊರೆಯ ಸೌಹಾರ್ದದ ದೃಷ್ಟಿಯಿಂದ ತಾವು ಆಗೊಮ್ಮೆ ಈಗೊಮ್ಮೆ ಏನಾದರೂ ಸಣ್ಣ ತಪ್ಪು ಮಾಡಬೇಕೆಂದು, ಸಾಧ್ಯವಾದರೆ ಒಂದು ಮಳೆಗಾದರೂ ತಮ್ಮ ಸೂರು ಸೋರಬೇಕೆಂದು, ಸೋರುವಾಗ ಅತ್ತೆಯವರು ಕೆಳಗೇ ನಿಂತಿರುವಂತೆ ನೋಡಿಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ. ಅದಾಗದಿದ್ದರೆ, ಅತ್ತೆಯವರು ನನ್ನ ಮನೆಯನ್ನೂ ತಮ್ಮ ಕೆಲಸವೆಂದೇ ನಂಬಿ ಮೆಚ್ಚುವಂತೆ, ನನ್ನ ನಕ್ಷೆಯ ಕೆಳಗೆ ಎಂಜಿನಿಯರರ ಜಾಗದಲ್ಲಿ ತಮ್ಮ ಕಾಲಿನ ಗುರುತೊತ್ತಿ ಹಳೆಯ ತಾರೀಖು ಹಾಕಿಕೊಡಬೇಕು. ಇನ್ನೊಂದು ಮಾತು. ಯಜಮಾನ ಆಲೊನ್ಸಿಟೊ ಅವರು ದಿನವೂ ಬೆಳಿಗ್ಗೆ ನನ್ನ ಗಾಜಿನಲ್ಲಿ ತಮ್ಮದೇ ಬಿಂಬ ಕಂಡು ಎದೆಯುಬ್ಬಿಸಿ ಜಗಳಕ್ಕೆ ಹೋಗುತ್ತಾರೆ. ನಾಚಿಕೊಳ್ಳುವುದು ಬೇಡ, ಆ ಗಾಜಿನೆದುರು ಎದೆಯುಬ್ಬಿಸಿ ನಿಂತವರು ಅವರೊಬ್ಬರೇ ಅಲ್ಲ.

ಕ್ರಿಸ್‌ಮಸ್ ಕಳೆಯಿತು. ನಿಮಿಯಾ ಒಂದು ದಿನ ಗಾಜು ಒರೆಸುವ ಬಟ್ಟೆಯನ್ನು ನನ್ನ ಕೈಗಿತ್ತಳು. "ಅಮ್ಮ ಎಲ್ಲೋ ನಾನೂ ಅಲ್ಲೇ. ಮೂವರು ರಾಜರ ಹಬ್ಬದೊಳಗೆ ಅವಳು ಇಲ್ಲಿಗೆ ಬರ್ಲಿಲ್ಲ ಅಂದ್ರೆ ನಾನೂ ಮಕ್ಕಳೂ ಲುಕೆಗೆ ಹೋಗ್ತೀವಿ. ನೀವು ನಿಮ್ಮ ನೋಟ ನೋಡ್ಕೊಂಡಿರಿ" ಎಂದಳು. ಹಬ್ಬದ ಮರುದಿನ, ಜನವರಿ ಏಳರಂದು, ಹೋದಳು. ಐವರಿಗೆಂದು ಕಟ್ಟಿದ ಮನೆಯಲ್ಲಿ ಒಬ್ಬನೇ ಕುಳಿತು ಉಣ್ಣುವುದು ಏನೆಂದು ತಮಗೆ ಗೊತ್ತಾಗಲಾರದು. ಮೊದಲ ಎರಡು ದಿನ ಕೋಪ ಬಂತು. ಮೂರನೆಯ ದಿನದಿಂದ ಕೋಪ ಮಾಡಿಕೊಳ್ಳಲೂ ಜತೆಗೆ ಯಾರಾದರೂ ಬೇಕೆನ್ನಿಸಿತು. ನನಗೆ ಅವರಿಲ್ಲದೆ ಆಗುವುದಿಲ್ಲ, ಇದನ್ನು ಸುತ್ತು ಬಳಸಿ ಬರೆಯಲು ನನಗೆ ಬಾರದು.

ನಿನ್ನೆ ಕರಾಯಿ ಸಿಪ್ರಿಯಾನೊ ಅವರನ್ನು ಕರೆಸಿ, ಬೀದಿಯ ಗೋಡೆ ಒಡೆದು ದೊಡ್ಡ ಬಾಗಿಲಿಡಬೇಕು, ಮುಂದೊಂದು ಜಗುಲಿಯೂ ಬೇಕು ಎಂದೆ. "ನಕ್ಷೆ ಎಲ್ಲಿ?" ಎಂದರು. ಇಲ್ಲ ಎಂದೆ. "ನಕ್ಷೆ ಇಲ್ದೆ, ನೀವಾ? ಜ್ವರ ಗಿರ ಬಂದಿದ್ಯಾ ಯಜಮಾನ್ರೇ?" ಎಂದು ನಕ್ಕವರು, ಸುತ್ತಿಗೆಯ ಮೊದಲ ಏಟನ್ನು ಎಷ್ಟು ಖುಷಿಯಿಂದ ಹಾಕಿದರೆಂದರೆ ಅವರು ಅದಕ್ಕಾಗಿ ಬಹಳ ದಿನದಿಂದ ಕಾದಿದ್ದರೆಂಬುದು ಸ್ಪಷ್ಟವಾಗಿತ್ತು.

ಗೋಡೆ ಒಡೆದ ಸುದ್ದಿ ಕೇಳಿ ಇಂದು ಬೆಳಿಗ್ಗೆ ಎಲ್ಲರೂ ಲುಕೆಯಿಂದ ಬಂದರು. ಅತ್ತೆಯವರು ಗಾರೆ ಕಾಣದ ಇಟ್ಟಿಗೆಗಳ ನಡುವೆ ಕುರ್ಚಿ ಹಾಕಿಸಿಕೊಂಡು, ಎಡಕ್ಕೂ ಬಲಕ್ಕೂ ನೋಡಿ, "ಪರವಾಗಿಲ್ವೇ. ಇಲ್ಲಿ ಬಾಗ್ಲಿಡಿ ಅಂತ ಯಾರು ಹೇಳ್ಕೊಟ್ರು? ಆ ಹಕ್ಕೀನಾ?" ಎಂದು ಕೇಳಿದರು. ಹೇಳಿಕೊಟ್ಟವರು ನೀವೇ ಎಂದು ಅವರಿಗೆ ಹೇಳಲಾರದ ಹೇಡಿ ನಾನು, ಹೌದು ಎಂದುಬಿಟ್ಟೆ. ನಿಜ ಹೇಳಬೇಕೆಂದರೆ, ಆ ಸುಳ್ಳಿಗೆ ತಮ್ಮನ್ನು ಸಾಕ್ಷಿ ಮಾಡಿದ್ದಕ್ಕೆ ಕ್ಷಮೆ ಕೇಳಲೆಂದೇ ಈ ಪತ್ರ ಆರಂಭಿಸಿದ್ದು. ಇಷ್ಟು ಬರೆಯುವಷ್ಟರಲ್ಲಿ ನಿಮಿಯಾ ನನ್ನ ಭುಜದ ಮೇಲಿಂದ ಬಗ್ಗಿ ಎಲ್ಲವನ್ನೂ ಓದಿದಳು. "ಹಕ್ಕಿ ಹತ್ರ ಎಷ್ಟು ಚೆಂದ ಕ್ಷಮೆ ಕೇಳ್ತೀರಿ. ಅಮ್ಮ ಹತ್ತು ಹೆಜ್ಜೆ ಆಚೆ ಕೂತಿದಾಳೆ, ಅವಳಿಗೇನು ಅಂಚೆಯಲ್ಲಿ ಕಳಿಸ್ತೀರಾ?" ಎಂದಳು.

ಲೇಖನಿ ಇಟ್ಟು ಹೋದೆ. ಹತ್ತು ಹೆಜ್ಜೆಗೆ ಗೋಡೆ ಒಡೆದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. "ಅತ್ತೆ, ಮೂರು ವರ್ಷದಲ್ಲಿ ಒಂದ್ಸಲನೂ ನಿಮ್ಮನ್ನ ಕೇಳ್ಲಿಲ್ಲ. ತಪ್ಪಾಯ್ತು" ಎಂದೆ. ಅವರು ತೆರೆರೆಯನ್ನು ಲೋಟದ ತಳ ಗೊರಗುಟ್ಟುವವರೆಗೂ ಹೀರಿದರು. ಆಮೇಲೆ, ನನ್ನ ಕಡೆ ನೋಡದೆ, "ಬಸ್ಸು ಇವತ್ತು ಬೇಡ" ಎಂದರು. "ಈಗ ನನ್ನ ಮಂಚ ಎಲ್ಲಿ ಹಾಕ್ಬೇಕು ಅಂತ ಕೇಳಿ ನೋಡೋಣ."

ಕೇಳಿದೆ.

ತಮ್ಮ ಕೆಳಮನೆಯ ನಿವಾಸಿಯೂ ತಡವಾಗಿ ಸೇರಿದ ಶಿಷ್ಯನೂ ಆದ,
ತಮ್ಮ ವಿಶ್ವಾಸಿ,
ಫುಲ್ಹೆನ್ಸಿಯೊ ಒವೆಲಾರ್

ತಾ.ಕ.: ಕುರ್ಚಿಯ ಮೇಲೆ ಹತ್ತಿ ತಮ್ಮ ಗೂಡಿನೊಳಗೆ ಇಣುಕಿ ನೋಡಿದ್ದಕ್ಕೆ ಕ್ಷಮೆಯಿರಲಿ. ಒಳಗಿರುವುದು ಒಂದೇ ಕೋಣೆ. ತಮ್ಮ ಅತ್ತೆಯವರನ್ನು ಎಲ್ಲಿ ಬಿಟ್ಟು ಬಂದಿದ್ದೀರೆಂದು ನಮ್ಮ ಅತ್ತೆಯವರು ವಿಚಾರಿಸುತ್ತಿದ್ದಾರೆ.