ಕತ್ತರಿ ಕಾಣದ ಕೋಟು

ಎಲ್ಲಿ ಅಗ್ಗ ಕಂಡರೂ ನನ್ನ ಕೈ ಸುಮ್ಮನಿರಲ್ಲ. ಆಮೇಲೆ ಮನೆಯವರು ನನ್ನನ್ನು ಸುಮ್ಮನೆ ಬಿಡಲ್ಲ. ಇದು ನಡೆದುಕೊಂಡೇ ಬಂದಿದೆ. ಈ ಸಲ ಸಿಕ್ಕಿಬಿದ್ದಿದ್ದು ಒಂದು ಕೋಟಿನಿಂದ.

ಕೊಂಡದ್ದು

ನಾದಿನಿಯ ಮದುವೆ ಗೊತ್ತಾಯಿತು. ನಂಜನಗೂಡಿನ ಬೀಗರದು ಒಂದೇ ಬೇಡಿಕೆ: "ಕೊಡೋದು ತಗೊಳ್ಳೋದು ಏನೂ ಬ್ಯಾಡ. ಆರತಕ್ಷತೆ ಫೋಟೋದಲ್ಲಿ ನಿಮ್ ಕಡೆ ಗಂಡಸ್ರು ಕೋಟಲ್ಲಿರ್ಬೇಕು, ಅಷ್ಟೇ."

ಮಾವನವರು ಇಲ್ಲದ ಮನೆ. ಗಂಡಸರು ಅಂದರೆ ನಾನು, ನನ್ನ ಭಾಮೈದ ಇಬ್ಬರೇ. ಹುಡುಗಿಯ ಮಾನ ನಮ್ಮ ಮೈಮೇಲಿತ್ತು. ಮೈಸೂರಿನ ಫುಟ್‌ಪಾತಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕೋಟು ತಂದೆ. ಯಾವ ಪೈಲ್ವಾನನದೋ ಏನೋ, ತೊಟ್ಟರೆ ಬೆರಳೂ ಕಾಣುತ್ತಿರಲಿಲ್ಲ. ಹೆಂಡತಿ ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದಳು, "ರೀ, ಒಳಗಿದ್ದೀರಾ?"

ಟೈಲರ್ ತೀರ್ಪು

ನರಸೀಪುರದ ಟೈಲರ್ ಕೋಟನ್ನು ಹಿಂದೆ ಮುಂದೆ ಎಳೆದಾಡಿ ಟೇಪು ಕೆಳಗಿಟ್ಟ.

"ಬ್ಯಾಡ ಸಾ."

"ಯಾಕಪ್ಪಾ? ಎರಡೂ ಕಡೆ ಒಂದಿಷ್ಟು ಹಿಡಿ."

"ನಿಮ್ ಮೈಗೆ ಸರಿಯಾಗಿ ಇಡುದ್ರೆ ಎಲ್ಡು ಜೇಬೂ ಬೆನ್ನಿಂದಕ್ಕೆ ಓಯ್ತವೆ. ಆಮ್ಯಾಕೆ ನಿಮ್ ದುಡ್ಡ ಇಂದೆ ನಿಂತಿರೋರು ತಕ್ಕೊಡ್ಬೇಕು, ಅಷ್ಟೇಯ!"

ಮನೆಯ ಪಂಚಾಯ್ತಿ

ಆದರೂ ಕತ್ತರಿ ಹಾಕಿಸಲೇಬೇಕು ಅಂತ ನನ್ನ ಹಟ. ಅಷ್ಟರಲ್ಲಿ ಹೆಮ್ಮಿಗೆಯಿಂದ ಭಾಮೈದ ಬಂದ. ಅವನಿಗೂ ಕೋಟಿಲ್ಲ. ತೊಟ್ಟು ಕನ್ನಡಿ ಮುಂದೆ ನಿಂತು ಹಲ್ಲು ಕಿರಿದ, "ನಂಗೂ ಅಷ್ಟೇ ಕೆಟ್ಟದಾಗಿ ಕಾಣ್ತದೆ ಕಣ್ ಭಾವ. ಇಬ್ರಿಗೂ ಸಮ!"

ಹೆಂಡತಿ ಅಲ್ಲೇ ತೀರ್ಮಾನ ಕೊಟ್ಟಳು. "ಕತ್ತರಿಸಿದ್ರೆ ಒಬ್ರಿಗೆ, ಬಿಟ್ರೆ ಇಬ್ರಿಗೂ ಆಯ್ತದೆ. ಒಬ್ರಾದ್ಮೇಲೆ ಒಬ್ರು ಹಾಕ್ಕೊಂಡು ಸ್ಟೇಜ್ ಹತ್ತಿ." ತಮ್ಮನ ವಿಷಯ ಬಂದರೆ ಅವಳ ಲೆಕ್ಕ ಯಾವತ್ತೂ ತಪ್ಪಲ್ಲ.

ಆರತಕ್ಷತೆ

ನಾನು ಸ್ಟೇಜ್ ಹತ್ತಿ ಇಳಿದೆ. ಅಡುಗೆಮನೆ ಹಿಂದೆ ಕೋಟು ಬಿಚ್ಚಿ ಭಾಮೈದನಿಗೆ ಕೊಟ್ಟೆ. ಎಲ್ಲ ಸಲೀಸಾಗಿ ನಡೆಯಿತು ಅನ್ನುವಷ್ಟರಲ್ಲಿ ಬೀಗರು ಕೂಗಿದರು, "ಹೆಣ್ಣಿನ ಕಡೆ ಗಂಡಸ್ರೆಲ್ಲ ಒಟ್ಟಿಗೆ ಬನ್ನಿ! ಕೋಟಲ್ಲೇ!"

ಸ್ಟೇಜ್ ಮೇಲಿಂದ ನಾದಿನಿ ಅಳುಮುಖ ಮಾಡಿ ನಮ್ಮನ್ನೇ ನೋಡುತ್ತಿದ್ದಳು. ಭಾಮೈದ ಕೋಟಿನ ಬಲಗೈ ಬಿಚ್ಚಿ ನನ್ನ ಮುಂದೆ ಹಿಡಿದ.

"ತೂರ್ಸಿ ಭಾವ. ಜಾಗ ಅದೆ."

ಬಲತೋಳಿನಲ್ಲಿ ನನ್ನ ಕೈ, ಎಡತೋಳಿನಲ್ಲಿ ಅವನ ಕೈ. ಉಳಿದ ಎರಡು ಕೈಯಿಂದ ಒಳಗೇ ಒಬ್ಬರ ಸೊಂಟ ಒಬ್ಬರು ಹಿಡಿದುಕೊಂಡೆವು. ಮುಂದೆ ಗುಂಡಿ ಹಾಕಿಕೊಂಡು ಜೋಡೆತ್ತಿನ ಹಾಗೆ ಹೆಜ್ಜೆ ಹಾಕಿ ಸ್ಟೇಜ್ ಹತ್ತಿದೆವು. ಫೋಟೋ ಆಯಿತು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಬೀಗರು ನಮ್ಮನ್ನು ಕಣ್ಣು ಬಿಟ್ಟು ನೋಡಿದರು. ಆಮೇಲೆ ತಮ್ಮ ದೊಡ್ಡ ಮಗನನ್ನೂ ಅಳಿಯನನ್ನೂ ಎಳೆದುಕೊಂಡು ಬಂದು ನಮ್ಮೆದುರು ನಿಲ್ಲಿಸಿದರು.

"ನೋಡಿ ಕಲ್ತ್ಕೊಳಿ! ಭಾವ-ಭಾಮೈದ ಅಂದ್ರೆ ಇಂಗಿರ್ಬೇಕು. ನೀವು ಒಂದೇ ಕಾರಲ್ಲಿ ಕೂರಾಕಿಲ್ಲ, ಇವ್ರು ಒಂದೇ ಕೋಟಲ್ಲಿ ಬಂದವ್ರೆ!"