ಮಾವನ ಉದ್ದನೆಯ ಫೋಲ್ಡರು

ಅರಸೀಕೆರೆಯ ಆ ನಡುಮನೆಯಲ್ಲಿ ಅಂದು ಇದ್ದವರು ಮೂವರು: ನಾನು, ನನ್ನ ಸೋದರಮಾವ, ಅವರ ಹೆಂಡತಿ ಅತ್ತೆ. ಕಂಪ್ಯೂಟರನ್ನೂ ಸೇರಿಸಿದರೆ ನಾಲ್ವರು. ಮಾವನನ್ನು ಸಹಿಸಿಕೊಂಡ ಜೀವವನ್ನು ಲೆಕ್ಕದಿಂದ ಬಿಡುವುದುಂಟೇ!

ಪರಿಚಯ ಹೇಳುವುದರಲ್ಲಿ ನಮ್ಮ ಮಾವನನ್ನು ಮೀರಿಸಿದವರು ಈ ಸೀಮೆಯಲ್ಲೇ ಇಲ್ಲ. ಗಂಡಸಿಯಲ್ಲಿ ಬಸ್ ಹತ್ತಿದಾಗ ಪಕ್ಕದವನು "ಯಾರು ಸ್ವಾಮಿ ತಾವು?" ಎಂದರೆ, ಮುತ್ತಾತನಿಂದ ಶುರುಮಾಡಿ ತಮ್ಮ ಹೆಸರಿಗೆ ಬರುವಷ್ಟರಲ್ಲಿ ಅರಸೀಕೆರೆ ಬಂದಿರುತ್ತಿತ್ತು. ಎಮ್ಮೆಯನ್ನೂ "ಅರೇಹಳ್ಳಿ ಬೀಗರ ಮನೆ ಹಳೇ ಎಮ್ಮೆ ಮೊಮ್ಮಗಳು" ಎಂದೇ ಕರೆಯುತ್ತಿದ್ದರು. ಎಮ್ಮೆಗೇನೋ ಕೇಳುವ ವ್ಯವಧಾನವಿತ್ತು. ಕಂಪ್ಯೂಟರಿನ ಹಳೆಯ ವಿಂಡೋಸಿಗೆ ಇರಲಿಲ್ಲ!

ಅಜ್ಜಿ, ಅಂದರೆ ಮಾವನ ತಾಯಿ, ಬದುಕಿನಲ್ಲಿ ತೆಗೆಸಿಕೊಂಡದ್ದು ಒಂದೇ ಫೋಟೊ, ಹಳೇಬೀಡಿಗೆ ಹೋದಾಗ. ಅದನ್ನು ಗೆದ್ದಲು ತಿಂದಿತ್ತು. ಪುಣ್ಯಕ್ಕೆ ಅದಕ್ಕೆ ಮುಂಚೆಯೇ ಬೇಲೂರಿನ ಸ್ಟುಡಿಯೋದವನು ಸ್ಕ್ಯಾನ್ ಮಾಡಿ, ಜಿಪ್ ಫೈಲಾಗಿ ಗಂಟುಕಟ್ಟಿ, ಸಿ.ಡಿ.ಗೆ ಹಾಕಿಕೊಟ್ಟಿದ್ದ. ಆ ಸ್ಟುಡಿಯೋ ಕೂಡ ಈಗ ಮುಚ್ಚಿತ್ತು. ಎರಡು ದಿನ ಕಳೆದರೆ ಅಜ್ಜಿಯ ವರ್ಷದ ತಿಥಿ. ಹಾರಕ್ಕೆ ಹೇಳಿಯಾಗಿದೆ, ಹಾಕಲು ಮುಖವಿಲ್ಲ! ಜಿಪ್ ಬಿಚ್ಚಲು ಹೋದರೆ ಮತ್ತೆ ಮತ್ತೆ ಎರರ್.

"ಸಿ.ಡಿ.ಗೆ ದೃಷ್ಟಿ ಆಗೈತೆ," ಎಂದು ಮಾವ ಪಂಚೆಯಲ್ಲಿ ಉಜ್ಜತೊಡಗಿದರು.

"ಉಜ್ಜಿ ಉಜ್ಜಿ ನಿಮ್ಮವ್ವನ ಮುಖಾನೂ ಅಳಿಸಾಕ್ಬಿಡಿ!" ಎಂದರು ಅತ್ತೆ.

ನಾನು ಎರರ್ ಓದಿದೆ. ಫೋಟೊ ಹೋಗಿ ಸೇರಬೇಕಾದ ಜಾಗದ ವಿಳಾಸ ತೀರಾ ಉದ್ದವಂತೆ! ನೋಡಿದರೆ, ಮಾವ ಮಾಡಿಟ್ಟಿದ್ದು ತಾಲ್ಲೂಕಿನ ಹೆಸರಿನ ಫೋಲ್ಡರು, ಅದರೊಳಗೆ ಹೋಬಳಿ, ಅದರೊಳಗೆ ಊರು, ಮುತ್ತಾತ, ತಾತ, ಅವರ ಹಿರೀ ಸೊಸೆ... ಪಾಪ, ಅಜ್ಜಿ ಒಳಗೆ ಹೋಗುವುದಾದರೂ ಹೇಗೆ?

"ಒಂದೆರಡು ಹೆಸರು ತೆಗೀಬೇಕು ಮಾವ."

"ಯಾರ್ದು ತೆಗೀಲಿ ಹೇಳ್ಲಾ? ನಮ್ಮ ತಾತಂದಾ?"

ವಾದಕ್ಕೆ ಹೋಗಲಿಲ್ಲ. ಸಿ ಡ್ರೈವಿನ ಬಾಗಿಲಲ್ಲೇ "1" ಎಂಬ ಫೋಲ್ಡರು ಮಾಡಿ ಅಲ್ಲಿಗೆ ಬಿಚ್ಚಿದೆ. ಎರರ್ ಬರಲಿಲ್ಲ. ಪರದೆಯ ಮೇಲೆ ಮೊದಲು ಗುಡಿಯ ಗೋಡೆ ಇಳಿಯಿತು, ಆಮೇಲೆ ಸೆರಗು ಹೊದ್ದ ತಲೆ, ಕೊನೆಗೆ ಅಜ್ಜಿಯ ನಗು. "ಸದ್ಯ!" ಎಂದು ಅತ್ತೆ ನೆಲಕ್ಕೇ ಕುಳಿತರು. ನನಗೂ ಉಸಿರು ಬಂತು.

ಮಾವ ಕಣ್ಣೊರೆಸಿಕೊಂಡು ಫೋಲ್ಡರಿನ ಕಡೆ ಬೊಟ್ಟು ಮಾಡಿದರು. "ಒಂದು ಅಂತ ಬರ್ದಿದ್ದೀಯಲ್ಲೋ! ನಮ್ಮವ್ವ ಏನು ಜೈಲಲ್ಲವ್ಳಾ, ನಂಬರ್ ಕೊಡಾಕೆ?"

"ನೀವೇ ಹೆಸರಿಡಿ, ಹಂಗಾದ್ರೆ."

"ಮುಗೀತು! ಇನ್ನು ಮುತ್ತಾತನಿಂದ ಶುರು," ಎನ್ನುತ್ತಾ ಅತ್ತೆ ಕಾಫಿಗೆ ಎದ್ದರು.

ತಿಥಿ ಚೆನ್ನಾಗಿಯೇ ನಡೆಯಿತು. ಕಟ್ಟು ಹಾಕಿಸಿದ ಫೋಟೊದಲ್ಲಿ ಅಜ್ಜಿ ಹಾರದೊಳಗಿಂದ ನಗುತ್ತಿದ್ದಳು. ಊಟವೆಲ್ಲ ಆದ ಮೇಲೆ, ಬಾಣಾವರದ ಚಿಕ್ಕಮ್ಮನಿಗೂ ಒಂದು ಪ್ರತಿ ಮಾಡಿಕೊಡೋಣವೆಂದು ಕಂಪ್ಯೂಟರ್ ತೆರೆದೆ. "1" ಇರಲಿಲ್ಲ. ಅದರ ಜಾಗದಲ್ಲಿ ಮಾವ ಒಂದೇ ಬೆರಳಿನಿಂದ ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿದ ಹೆಸರಿತ್ತು. ಊರಿಲ್ಲ, ಹೋಬಳಿಯಿಲ್ಲ, ತಾತ ಮುತ್ತಾತ ಯಾರೂ ಇಲ್ಲ.

"ಅವ್ವ" ಎಂದಷ್ಟೇ ಇತ್ತು.