ಎಲ್ಲಿಗೂ ಇಲ್ಲ, ಸುಮ್ನ

ನಮ್ಮ ಹಾನಗಲ್ಲ ಕಡೆ ರಸ್ತೆಗೆ ಇಳಿದ ಮನುಷ್ಯ ಎಲ್ಲಿಗಾದರೂ ಹೋಗಲೇಬೇಕು. ಹೋಗದಿದ್ದರೆ ಜನ ತಾವೇ ಒಂದು ಊರು ಹುಡುಕಿ ಅಲ್ಲಿಗೆ ಕಳಿಸಿಬಿಡುತ್ತಾರೆ. ಇದು ನನಗೆ ಗೊತ್ತಾದದ್ದು ಸೈಕಲ್ ಕೊಂಡ ಮೇಲೆ. ಅಂದಿನಿಂದ ಮತ್ತೆ ಮತ್ತೆ ಗೊತ್ತಾಗುತ್ತಲೇ ಇದೆ.

ನಾನು ಹಿಟ್ಟಿನ ಗಿರಣಿ ನಡೆಸುವವಳು. ಗಂಡ ತೀರಿಕೊಂಡಾಗ "ಹೆಣ್ಮಕ್ಕಳ ಕೈಲೆ ಗಿರಣಿ ಆಗೂದಿಲ್ಲ" ಎಂದವರೆಲ್ಲ ಈಗ ನನ್ನಲ್ಲಿಯೇ ಜೋಳ ಬೀಸಿಸುತ್ತಾರೆ. ಅವರು ಇಟ್ಟುಹೋದ ಡಬ್ಬಿಗಳ ಮೇಲಿನ ಹೆಸರು ಓದಿ ಓದಿ ಮರೆತ ಅಕ್ಷರ ಗಟ್ಟಿ ಮಾಡಿಕೊಂಡೆ. ಆಮೇಲೆ ಲೈಬ್ರರಿಯ ಕಪಾಟು ಹಿಡಿದೆ. ಕೂತು ಕೂತು ಮೊಣಕಾಲು ಹಿಡಿದಾಗ, ಸೈಕಲ್ ಹೊಡೆಯುವುದು ಒಳ್ಳೆಯದು ಎಂದು ಅಲ್ಲೇ ಒಂದು ಪುಸ್ತಕದಲ್ಲಿ ಓದಿದೆ. ಡಾಕ್ಟರೂ ಹೂಂ ಅಂದರು. ದಿನಾ ಬೆಳಿಗ್ಗೆ ಗಿರಣಿ ತೆರೆಯುವ ಮೊದಲು ಆಡೂರ ರಸ್ತೆಯಲ್ಲಿ ಹೋಗುವುದು, ಸಾಕು ಅನಿಸಿದಲ್ಲಿ ತಿರುಗಿ ಬರುವುದು. ನನ್ನ ಬಾಳಿನಲ್ಲಿ ಯಾರಿಗೂ ಏನೂ ಬೀಸಿಕೊಡದ ಹೊತ್ತು ಅದೊಂದೇ.

ಆಡೂರಿನಲ್ಲಿರುವ ನನ್ನ ತಮ್ಮನಿಗೆ ಮಾತ್ರ ಇದು ಸೇರಲಿಲ್ಲ. ಅವನು ಒಂದು ಸಲ ಪಂಚಾಯ್ತಿ ಮೆಂಬರ್ ಆಗಿದ್ದವ. ಅಂದಿನಿಂದ ಇಸ್ತ್ರಿ ಇಲ್ಲದ ಅಂಗಿ ತೊಟ್ಟು ಅಂಗಳಕ್ಕೂ ಬಂದವನಲ್ಲ. ಫೋನ್ ಹಚ್ಚಿ, "ಅಕ್ಕಾ, ಈ ವಯಸ್ಸಿನಾಗ ಸೈಕಲ್ ಹೊಡದ್ರ ಮಂದಿ ಏನಂತಾರ? ಅದನ್ನ ಮಾರೂ ತನಕ ನನ್ನ ಹೊಸ್ತಿಲಾ ತುಳೀಬ್ಯಾಡ" ಎಂದ.

"ನಿನ್ನ ಹೊಸ್ತಿಲಾ ನೀನ ಇಟ್ಕೋ" ಎಂದೆ.

ಆ ವರ್ಷ ಪಂಚಮಿಗೆ ಅವನು ನನ್ನನ್ನು ಕರೆಯಲು ಬರಲಿಲ್ಲ. ಪಂಚಮಿಗೆ ತವರಿನಿಂದ ಕರೆ ಬರದಿದ್ದರೆ ಎಂಥ ಗಟ್ಟಿ ಹೆಂಗಸಿಗೂ ಚುಚ್ಚುತ್ತದೆ. ನಾನು ಯಾರಿಗೂ ಹೇಳಲಿಲ್ಲ. ಸೈಕಲ್ಲನ್ನೂ ಮಾರಲಿಲ್ಲ.

ಸಣ್ಣದು ಸಾಕು

ಸೈಕಲ್ ಕೊಳ್ಳಲು ಹೋದ ದಿನ ಅಂಗಡಿಯವ ಬಹಳ ಉಮೇದಿನಿಂದ ಎದ್ದು ಬಂದ.

"ಮೊಮ್ಮಗಳಿಗೇನ್ರಿ ಅಕ್ಕಾರ?"

"ಒಬ್ಬ ಹೆಣ್ಮಗಳಿಗೆ."

"ಎಷ್ಟನೇತ್ತಾ ಓದಾಕತ್ತಾಳ್ರಿ?"

"ನಾಕನೇತ್ತಾಕ್ಕ ಸಾಲಿ ಬಿಟ್ಟಾಳ."

"ಅಯ್ಯ ಪಾಪ! ಹಂಗಾರ ಸಣ್ಣದ ಸಾಕ್ರಿ" ಎಂದು, ಹಿಡಿಕೆಗೆ ಗುಲಾಬಿ ಬಣ್ಣದ ಗೊಂಡೆ ಕಟ್ಟಿದ ಒಂದು ಕೂಸಿನ ಸೈಕಲ್ ಎಳೆದು ತಂದ.

"ಸಾಲಿ ಬಿಟ್ಟಾಕಿ ನಾನ" ಎಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಅಪ್ಪನ ದೊಡ್ಡ ಸೈಕಲ್ಲಿನ ನಡುಕೋಲಿನ ಕೆಳಗೆ ಕಾಲು ತೂರಿಸಿ ಸೈಕಲ್ ಕಲಿತವಳು ನಾನು ಎಂದು ಅವನಿಗೇನು ಗೊತ್ತು? ದೊಡ್ಡದೊಂದನ್ನು ತೋರಿಸಿ, ದನಿ ಇಳಿಸಿ, ಮರ್ಯಾದೆಯಿಂದಲೇ ಕೇಳಿದ:

"ಬಾಜೂಕ ಎರಡು ಸಣ್ಣ ಗಾಲಿ ಜೋಡಿಸಿ ಕೊಡ್ಲೇನ್ರಿ?"

ಹೊತ್ತಿಗೆ ಸರಿಯಾಗಿ

ಎದುರಾದವರನ್ನು "ಎಲ್ಲಿಗೆ" ಎಂದು ನೇರ ಕೇಳಿದರೆ ಹೊರಟ ಕೆಲಸ ಕೆಡುತ್ತದಂತೆ. ಆದ್ದರಿಂದ ನಮ್ಮ ಜನ ಜಾಣತನದಿಂದ "ದೂರ ಹೊಂಟ್ರೇನ್ರಿ?" ಎಂದು ಕೇಳುತ್ತಾರೆ. ತಿಳಿಯಬೇಕಾದದ್ದು ಮಾತ್ರ ಅದೇ. ನಾನು ಇದ್ದದ್ದನ್ನೇ ಹೇಳುತ್ತಿದ್ದೆ: "ಎಲ್ಲಿಗೂ ಇಲ್ರಿ, ಸುಮ್ನ."

ಕೆಲವು ದಿನ ನಕ್ಕರು. ಆಮೇಲೆ ಒಬ್ಬ ಹೆಣ್ಣುಮಗಳು, "ಹೆಂಗೂ ಸುಮ್ನ ಹೊಂಟೀರಿ, ನಮ್ಮನಿಯವರಿಗೆ ಹೊಲಕ್ಕ ಈ ಬುತ್ತಿ ಮುಟ್ಟಸ್ರಿ" ಎಂದು ಕ್ಯಾರಿಯರಿಗೆ ಗಂಟು ಕಟ್ಟಿದಳು. ಅದನ್ನು ನೋಡಿ ಇನ್ನೊಬ್ಬರು ಹಾಲಿನ ಕ್ಯಾನು ತಂದರು. ಮತ್ತೊಬ್ಬರು ಲಗ್ನಪತ್ರಿಕೆಯ ಕಟ್ಟು. ಒಂದು ದಿನ ಕಾಲು ಕಟ್ಟಿದ ಕೋಳಿ ಬಂತು. ಅದು ದಾರಿಯುದ್ದಕ್ಕೂ ನನ್ನ ಬೆನ್ನಿಗೆ ಕುಕ್ಕಿ, ಇನ್ನೂ ಜೋರಾಗಿ ಹೊಡಿ ಎಂದು ಹೇಳುತ್ತಲೇ ಇತ್ತು.

ಒಂದು ಮುಂಜಾನೆ ಚೈನು ಕಳಚಿ ತಡವಾಯಿತು. ಬುತ್ತಿಯವಳು ಸೊಂಟದ ಮೇಲೆ ಕೈ ಇಟ್ಟು ರಸ್ತೆಯ ನಡುವೆಯೇ ನಿಂತಿದ್ದಳು.

"ಇದೇನ್ರಿ ಅಕ್ಕಾರ ಇದು? ಅಲ್ಲಿ ನಮ್ಮನಿಯವರು ಹಸಕೊಂಡು ಕುಂತಾರ. ನಾಳಿಂದ ಸರಿಯಾಗಿ ಆರಕ್ಕ ಸುಮ್ನ ಬರ್ರಿ!"

ಪೇಪರಿನಲ್ಲಿ ಬಂದ ಕೈ

ಅಂದೇ ಕ್ಯಾರಿಯರ್ ಬಿಚ್ಚಿಸಿದೆ. ಬೋಳು ಸೈಕಲ್ಲಿಗೂ ಕೆಲಸ ತಪ್ಪಲಿಲ್ಲ.

ಊರಿನ ದೊಡ್ಡವರು ಕೆಲವರು ಸೇರಿ ಆರೋಗ್ಯಕ್ಕಾಗಿ ಸೈಕಲ್ ಜಾಥಾ ಇಟ್ಟರು. ಶಿಗ್ಗಾವಿಯಿಂದ, ಹಿರೇಕೆರೂರಿನಿಂದ ಗಣ್ಯರು ಬಂದರು, ಎಲ್ಲರೂ ಕಾರಿನಲ್ಲಿ. ಮುಖ್ಯ ಅತಿಥಿಗಳು ಮೈಕ್ ಹಿಡಿದು, ಸೈಕಲ್ ಇಲ್ಲದ ಬಾಳು ಬಾಳೇ ಅಲ್ಲ ಎಂದು ಬಿಸಿಲೇರುವ ತನಕ ಹೇಳಿದರು. ಇನ್ನೇನು ಹತ್ತಬೇಕು, ಧೋತರ ಉಟ್ಟಿದ್ದ ಅವರ ಕಾಲು ನಡುಕೋಲು ದಾಟಲಿಲ್ಲ.

ಸಂಘಟಕರು, ಜಾಥಾಕ್ಕೆಂದು ಸೈಕಲ್ ಹಿಡಿದು ನಿಂತಿದ್ದ ನನ್ನ ಕಡೆ ಓಡಿ ಬಂದರು. "ಅಕ್ಕಾರ, ನಿಮ್ದು ಲೇಡೀಸ್ ಸೈಕಲ್ ಐತಿ, ಒಂದೀಟು ಕೊಡ್ರಿ. ಹಿಂದ ನೀವ ಹಿಡಕೊಳ್ರಿ."

ಹಿಡಿದುಕೊಂಡೆ. ಅವರು ಕ್ಯಾಮೆರಾದ ಕಡೆ ಹಲ್ಲು ತೋರಿಸುತ್ತ, ತುಟಿ ಅಲುಗಿಸದೆ, "ಬಿಡಬ್ಯಾಡ್ರಿ ತಾಯೀ, ಬಿಡಬ್ಯಾಡ್ರಿ" ಎನ್ನುತ್ತಿದ್ದರು. ಫೋಟೋದವನ ತನಕ ಹೋಗಿ ಇಳಿದರು. ಬಿಸಿಲು ಜಾಸ್ತಿಯಾಯಿತೆಂದು ಜಾಥಾ ಅಲ್ಲಿಗೇ ಮುಗಿಸಿ ಎಲ್ಲರೂ ಶಿರಾ-ಉಪ್ಪಿಟ್ಟಿಗೆ ನಡೆದರು.

ಮರುದಿನ ಪೇಪರಿನಲ್ಲಿ ಅವರ ಫೋಟೋ, ಕೆಳಗೆ "ಯುವಕರಿಗೆ ಮಾದರಿ". ಅವರ ಹಿಂದೆ, ಸೀಟು ಹಿಡಿದ, ವಾಚು ಕಟ್ಟಿದ ಒಂದು ಕೈ. ಅದು ನನ್ನದು.

ಗಿರಣಿಗೆ ಬಂದ ಒಬ್ಬರು ಪೇಪರ್ ತೋರಿಸಿ, "ಈ ಸಾಹೇಬ್ರು ಭಾಳ ಜೋರ ಹೊಡೀತಾರಂತಲ್ರಿ?" ಎಂದರು.

"ಹೌದ್ರಿ. ನಾ ಕೈ ಬಿಟ್ಟಿದ್ರ ಇನ್ನೂ ಜೋರ ಹೋಗ್ತಿದ್ರು, ನೇರ ಗಟಾರಕ್ಕ."

ತಮ್ಮ ಆರಾಮ

ನಮ್ಮ ಮನೆತನದ ಎಲ್ಲ ಕಾರ್ಯಗಳಿಗೂ ವೀಳ್ಯದೆಲೆ ಕೊಡುವವರು ಸವಣೂರಿನ ಒಬ್ಬ ಚಾಚಾ. ಮದುವೆಗೂ ಅವರದೇ ಎಲೆ, ತಿಥಿಗೂ ಅವರದೇ ಎಲೆ. ಹಾಗಾಗಿ ನಮ್ಮ ಬಳಗದ ಅಷ್ಟೂ ಜನರ ಫೋನ್ ನಂಬರ್ ಅವರ ಹತ್ತಿರ ಇವೆ. ಮನಸ್ಸು ಬೆಣ್ಣೆ.

ಒಂದು ಮುಂಜಾನೆ ಆಡೂರ ರಸ್ತೆಯ ಏರಿನಲ್ಲಿ ನಾನು ಏದುಸಿರು ಬಿಡುತ್ತ ಪೆಡಲ್ ತುಳಿಯುತ್ತಿದ್ದೆ. ಕಣ್ಣಲ್ಲಿ ಹುಳ ಬಿದ್ದು ದಳದಳ ನೀರು ಸುರಿಯುತ್ತಿತ್ತು. ಎದುರಿಗೆ ಚಾಚಾ, ಮೋಟರ್ ಸೈಕಲ್ಲಿನ ಹಿಂದೆ ಎಲೆಯ ಪೆಂಡಿ. ನನ್ನನ್ನು ನೋಡಿ ಗಾಡಿ ನಿಲ್ಲಿಸಿದರು.

"ಅರೆ ಅಕ್ಕಾ, ತಮ್ಮನ ಮನಿಗೆ ಹೊಂಟೀರೇನ್ರಿ? ತಮ್ಮಾರು ಆರಾಮ ಅದಾರಿಲ್ರಿ?"

ಪ್ರಶ್ನೆ ಎರಡು. ನನ್ನ ಹತ್ತಿರ ಇದ್ದ ಉಸಿರು ಒಂದೇ ಮಾತಿಗೆ ಸಾಲುವಷ್ಟು. ಮೊದಲನೆಯದಕ್ಕೆ ಉತ್ತರ ಕೊಟ್ಟೆ. "ಇಲ್ರಿ" ಎಂದು ಕೈಯಾಡಿಸಿ ಮುಂದೆ ಹೋದೆ. ಏರಿನಲ್ಲಿ ನಿಂತರೆ ಮತ್ತೆ ಹತ್ತುವುದು ಕಷ್ಟ.

ಹಿಂದಿನಿಂದ ಚಾಚಾ ಕೂಗಿದರು. "ಯಾ ಅಲ್ಲಾ! ಯಾವಾಗ್ರಿ?"

ಮನೆ ಬಿಟ್ಟದ್ದು ಯಾವಾಗ ಎಂದು ಕೇಳುತ್ತಿದ್ದಾರೆ ಅಂದುಕೊಂಡೆ. "ಮುಂಜಾನೆ ಐದೂವರಿಗೆ!" ಎಂದೆ.

ನಾನು ಏರು ಹತ್ತಿ, ತಿರುಗಿ, ಮನೆಗೆ ಬಂದು, ಗಿರಣಿ ತೆರೆದು ಎರಡು ಡಬ್ಬಿ ಬೀಸಿದ್ದೆ. ಫೋನ್ ಬಂತು. ಅಷ್ಟು ತಿಂಗಳ ಮೇಲೆ, ತಮ್ಮನದು.

"ಅಕ್ಕಾ, ನಾ ಸತ್ತೇನಂತ ಯಾರಿಗೆ ಹೇಳಿದಿ?"

"ಯಾರಿಗೂ ಹೇಳಿಲ್ಲ. ಸತ್ತಿಯೇನು?"

"ಚ್ಯಾಷ್ಟಿ ಮಾಡಬ್ಯಾಡ! ಅಂಗಳ ತುಂಬ ಮಂದಿ ಕುಂತಾರ. ಎಲ್ಲಾರೂ ನೀನ ಹೇಳಿದಿ ಅನ್ನಾಕತ್ತಾರ. ನಾ ಹೇಳಿದ್ರ ನಂಬವಲ್ರು. ಲಗೂನ ಬಾ."

"ನಾ ಸೈಕಲ್ ಬಿಟ್ಟು ಬ್ಯಾರೆ ಗಾಡಿ ಹತ್ತೂದಿಲ್ಲ" ಎಂದೆ.

ಆ ಕಡೆ ಯಾರೋ ಹೊಸಬರು ಬಂದು ಜೋರಾಗಿ ಅಳತೊಡಗಿದರು. ಆಮೇಲೆ ತಮ್ಮ ಹೇಳಿದ:

"ಅದರ ಮ್ಯಾಲೇ ಬಾ."

ಹೋದೆ. ಸವಣೂರಿನ ಬೀಗರು ಹೂವಿನ ಹಾರ ತಂದು, ಎಲ್ಲಿಡುವುದೆಂದು ತಿಳಿಯದೆ ತಮ್ಮನ ಕುರ್ಚಿಗೇ ತೂಗುಹಾಕಿದ್ದರು. ಆ ಕುರ್ಚಿಯಲ್ಲಿ ಅವನು ಬರೀ ಬನಿಯನ್ನಿನಲ್ಲಿ ಕೂತಿದ್ದ. ಭಜನೆಯವರು ಬಂದು ಹಾರ್ಮೋನಿಯಂ ಬಿಚ್ಚಿಯಾಗಿತ್ತು. ಬದುಕಿದ್ದವನಿಗೆ ಒಂದು ಫೋನ್ ಮಾಡಿ ಕೇಳಬಾರದಿತ್ತೇ ಎಂದರೆ, "ಸತ್ತವರಿಗೆ ಯಾರರ ಫೋನ್ ಹಚ್ತಾರೇನ್ರಿ?" ಎಂದು ಬೀಗರು ನನಗೇ ತಿರುಗಿ ಕೇಳಿದರು. ಹಂಸಭಾವಿಯಿಂದ ಬಂದ ನಮ್ಮ ಚಿಕ್ಕವ್ವ ತಮ್ಮನ ಕೈ ಹಿಡಿದು ಇನ್ನೂ ಬಿಕ್ಕುತ್ತಿದ್ದಳು. "ನೀ ಅದಿ, ಗೊತ್ತಾತಪಾ. ಆದ್ರ ಅಳು ಶುರು ಆಗೇತಿ, ನಡುವ ನಿಲ್ಲವಲ್ದು."

ಚಾಚಾ ಕೈ ಮುಗಿದು ನಿಂತಿದ್ದರು. "ಅಕ್ಕ ಅಳಕೋತ ಹೊಂಟಿದ್ರು, ಟೈಮೂ ಹೇಳಿದ್ರು. ನಾ ಏನ ತಿಳೀಲ್ರಿ?"

ಆಗ ನನ್ನ ತಮ್ಮ, ಮಂದಿ ಏನಂತಾರ ಎನ್ನುತ್ತಿದ್ದ ಅದೇ ತಮ್ಮ, ಅಷ್ಟೂ ಮಂದಿಯ ಮುಂದೆ ಎದ್ದು ನಿಂತು ಕೂಗಿದ: "ನಮ್ಮಕ್ಕ ಸುಮ್ನ ಸೈಕಲ್ ಹೊಡೀತಾಳ್ರಿ! ದಿನಾ ಹೊಡೀತಾಳ! ಆರೋಗ್ಯಕ್ಕ ಭಾಳ ಚಲೋ ಐತ್ರಿ!"

ಚಿಕ್ಕವ್ವ ಮೂಗು ಒರೆಸಿಕೊಂಡಳು. "ಹೊಡೀಲಿ ಬಿಡು. ಆದ್ರ ಇಷ್ಟ ದೂರಿಂದ ಬಂದೇವಿ, ಸುಮ್ನ ಹೆಂಗ ಹೋಗೂದು?"

ತಮ್ಮನ ಹೆಂಡತಿ ದೊಡ್ಡ ಬೋಗಾಣಿಯಲ್ಲಿ ಉಪ್ಪಿಟ್ಟಿಗೆ ಇಟ್ಟಳು. ಸತ್ತವನೇ ಎಲ್ಲರಿಗೂ ಬಡಿಸಿದ.

ನಾನು ಹೊರಟಾಗ ತಮ್ಮ ಸೈಕಲ್ಲನ್ನು ತಾನೇ ತಿರುಗಿಸಿ ಕೊಟ್ಟ. "ಪಂಚಮಿಗೆ ಬಾ. ಇದರ ಮ್ಯಾಲೇ ಬಾ. ಆದ್ರ ದಾರ್ಯಾಗ ಯಾರರ ಕೇಳಿದ್ರ ಸುಮ್ನ ಗಿಮ್ನ ಅನಬ್ಯಾಡ. ಮೊದಲ, ನನ್ನ ತಮ್ಮ ಆರಾಮ ಅದಾನ ಅಂತ ಹೇಳು."

ಇರಲಿ, ಕರೆದನಲ್ಲ ಎಂದು ಒಪ್ಪಿಕೊಂಡೆ. ಮರುದಿನ ಮುಂಜಾನೆ ಅದೇ ರಸ್ತೆಯಲ್ಲಿ ಒಬ್ಬರು ಎದುರಾದರು.

"ದೂರ ಹೊಂಟ್ರೇನ್ರಿ ಅಕ್ಕಾರ?"

"ನನ್ನ ತಮ್ಮ ಆರಾಮ ಅದಾನ್ರಿ."

ಅವರು ಗಕ್ಕನೆ ನಿಂತರು. ತಲೆಯ ಮೇಲಿನ ಟೋಪಿ ತೆಗೆದು, ದನಿ ಇಳಿಸಿ ಕೇಳಿದರು:

"ಹೌದ್ರಿ? ಏನಾಗಿತ್ರಿ ಅವರಿಗೆ?"